ವಿಮಾನದ ಮೈಮೇಲಿನ ಮೂರು ಅಕ್ಷರಗಳು

ಸಂಸ್ಕೃತದಲ್ಲಿ ‘ಅಕ್ಷರ’ವೆಂಬ ಶಬ್ದಕ್ಕೆ ನಾಶವಿಲ್ಲದ್ದು ಎಂದು ಅರ್ಥ. ಯಾವುದು ಸವೆಯುವುದಿಲ್ಲವೋ, ಯಾವುದು ಅಳಿಯುವುದಿಲ್ಲವೋ ಅದು ಅಕ್ಷರ. ಪರಬ್ರಹ್ಮಕ್ಕೂ ಈ ಹೆಸರುಂಟು. ಮಕ್ಕಳು ಮರಳಿನ ಮೇಲೆ ತಿದ್ದುವ ‘ಅ ಆ’ಗಳಿಗೂ ಇದೇ ಹೆಸರು. ಈ ಶಬ್ದಾರ್ಥವು ಎಷ್ಟು ನಿಜವಾದುದು, ಹಾಗೆಯೇ ಎಷ್ಟು ಕಠೋರವಾದುದು ಎಂಬುದನ್ನು ತೋರಿಸುವ ವೃತ್ತಾಂತವೊಂದು ಎರಡನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನಗಳ ಚರಿತ್ರೆಯಲ್ಲಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಕಾಲದ ವಿಮಾನಗಳನ್ನು ಹಲವರು ಚಿತ್ರಗಳಲ್ಲಿಯೋ ಚಲಚ್ಚಿತ್ರಗಳಲ್ಲಿಯೋ ನೋಡಿರಬಹುದು. ವಿಮಾನದ ಪಕ್ಕೆಯ ಮೇಲೆ ಕೆಂಪು, ಬಿಳುಪು, ನೀಲಿ ವರ್ತುಲಗಳು ಒಂದರೊಳಗೊಂದು ಸೇರಿದ ಗುಂಡು ಮುದ್ರೆಯೊಂದಿರುವುದು. ಅದರ ಒಂದು ಮಗ್ಗುಲಿಗೆ ಎರಡು ಇಂಗ್ಲಿಷ್ ಅಕ್ಷರಗಳು, ಇನ್ನೊಂದು ಮಗ್ಗುಲಿಗೆ ಒಂದೇ ಒಂದು ಅಕ್ಷರ. ಲ್ಯಾಂಕಾಸ್ಟರ್ ಎಂಬ ದೊಡ್ಡ ಬಾಂಬರ್ ವಿಮಾನದ ಮೇಲೆ ಈ ಅಕ್ಷರಗಳು ಸುಮಾರು ನಾಲ್ಕು ಅಡಿ ಎತ್ತರವಿರುತ್ತಿದ್ದವು. ರಾತ್ರಿಯ ಕಪ್ಪು ಬಣ್ಣದ ಮೇಲೆ ಮಂದವಾದ ಕೆಂಪಿನಲ್ಲಿ ಅವುಗಳನ್ನು ಬರೆಯುತ್ತಿದ್ದರು. ಬಾಲದ ಕಡೆಗೆ, ಚಿಕ್ಕದಾಗಿ, ಇನ್ನೊಂದು ಸಂಖ್ಯೆ ಕಾಣುವುದು. ನೋಡಿದವರು ಇದನ್ನು ಅಲಂಕಾರವೆಂದು ಭಾವಿಸಿದರೆ ತಪ್ಪಲ್ಲ. ಆದರೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದ್ದಿತು.

ನಮ್ಮ ಸಂಪ್ರದಾಯದ ಮಾತಿನಲ್ಲಿ ಹೇಳಿದರೆ ವಿಷಯವು ಸುಲಭವಾಗಿ ತಿಳಿಯುವುದು. ವಟುವು ಹಿರಿಯರಿಗೆ ಅಭಿವಾದನ ಮಾಡುವಾಗ ತನ್ನ ಗೋತ್ರವನ್ನೂ ಹೆಸರನ್ನೂ ಹೇಳುವನಷ್ಟೆ. ವಿಮಾನದ ಮೈಮೇಲಿನ ಜೋಡಿ ಅಕ್ಷರಗಳು ಅದರ ಗೋತ್ರ. ಅದು ಯಾವ ದಳಕ್ಕೆ ಸೇರಿದುದೆಂಬುದನ್ನು ಅವು ತಿಳಿಸುವುವು. ಒಂಟಿ ಅಕ್ಷರವು ಅದರ ಹೆಸರು. ಆ ದಳದೊಳಗೆ ಅದು ಯಾವ ವಿಮಾನವೆಂಬುದನ್ನು ತಿಳಿಸುವುದು. ಬಾಲದ ಬಳಿಯ ಸಂಖ್ಯೆಯು ಜಾತಕವಿದ್ದಂತೆ. ಕಾರ್ಖಾನೆಯಲ್ಲಿ ಹುಟ್ಟಿದಾಗ ಬಂದುದು, ಮುರಿದು ಬೀಳುವ ತನಕ ಬದಲಾಗತಕ್ಕದ್ದಲ್ಲ. ಗೋತ್ರವೂ ಹೆಸರೂ ಮಾತ್ರ ಬದಲಾಗಬಹುದು. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಗೋತ್ರ ಬದಲಾಗಿ, ಕೆಲವು ಮನೆತನಗಳಲ್ಲಿ ಹೆಸರೂ ಬದಲಾಗುವಂತೆ, ಒಂದು ದಳದಿಂದ ಇನ್ನೊಂದು ದಳಕ್ಕೆ ಹೋದ ವಿಮಾನಕ್ಕೆ ಹಳೆಯ ಅಕ್ಷರಗಳನ್ನು ಅಳಿಸಿ ಹೊಸವನ್ನು ಬರೆಯುತ್ತಿದ್ದರು.

ಈ ಪದ್ಧತಿಯು ಭಯದಿಂದ ಹುಟ್ಟಿದುದು. ಅದಕ್ಕೆ ಮೊದಲು ಬ್ರಿಟಿಷ್ ವಿಮಾನದಳಗಳು ಬಣ್ಣಬಣ್ಣದ ಪಟ್ಟೆಗಳನ್ನೂ ಚೌಕುಳಿಗಳನ್ನೂ ಧರಿಸಿ, ತಮ್ಮ ದಳದ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಬರೆದುಕೊಂಡು ಹಾರುತ್ತಿದ್ದವು. ೧೯೩೮ರ ಆಗಸ್ಟ್‌ನಲ್ಲಿ ಡಕ್ಸ್‌ಫರ್ಡ್ ನಿಲ್ದಾಣದ ೧೯ನೆಯ ದಳಕ್ಕೆ ಮೊಟ್ಟಮೊದಲ ಸ್ಪಿಟ್‌ಫೈರ್ ವಿಮಾನಗಳು ಬಂದಾಗ ಬಾಲದ ಮೇಲೆ ‘೧೯’ ಎಂದು ಬರೆದುದನ್ನು ಆ ಕಾಲದ ಚಿತ್ರಗಳಲ್ಲಿ ಈಗಲೂ ನೋಡಬಹುದು. ಮರುತಿಂಗಳೇ ಮ್ಯೂನಿಕ್ಕಿನ ಬಿಕ್ಕಟ್ಟು ಬಂದಿತು. ಯುದ್ಧವು ಹೊಸ್ತಿಲಲ್ಲಿ ನಿಂತಂತಾಯಿತು. ಯಾವ ದಳವು ಎಲ್ಲಿದೆಯೆಂಬುದನ್ನು ಶತ್ರುವಿನ ಗೂಢಚಾರನಿಗೆ ತಾವೇ ಬರೆದು ತೋರಿಸುವುದು ಅವಿವೇಕವೆಂದು ತಿಳಿದು, ಬಣ್ಣಗಳನ್ನು ಮರೆಮಾಡಿದರು. ಸಂಖ್ಯೆಯ ಬದಲು ಗುಟ್ಟಿನ ಅಕ್ಷರಗಳನ್ನು ಕೊಟ್ಟರು. ೧೯ನೆಯ ದಳಕ್ಕೆ ‘ಡಬ್ಲ್ಯು.ಜೆಡ್.’ ಎಂಬ ಜೋಡಿ ಬಂದಿತು. ಒಂದು ವರ್ಷದ ಮೇಲೆ, ೧೯೩೯ರ ಸೆಪ್ಟೆಂಬರ್‌ನಲ್ಲಿ ಯುದ್ಧವು ನಿಜವಾಗಿಯೇ ಆರಂಭವಾದಾಗ, ಹಳೆಯ ಗುಟ್ಟು ರಟ್ಟಾಗಿರಬಹುದೆಂದು ಜೋಡಿಗಳನ್ನು ಮತ್ತೆ ಬದಲಾಯಿಸಿದರು. ಆಗ ಅದೇ ದಳವು ‘ಕ್ಯೂ.ವಿ.’ ಆಯಿತು. ಸಂಖ್ಯೆಗೂ ಅಕ್ಷರಗಳಿಗೂ ಯಾವ ಸಂಬಂಧವನ್ನೂ ಇಡಲಿಲ್ಲ. ಸಂಬಂಧವಿದ್ದರೆ ಊಹಿಸುವವನು ಹುಟ್ಟಿಕೊಳ್ಳುವನಲ್ಲವೆ?

ಇಪ್ಪತ್ತಾರು ಅಕ್ಷರಗಳನ್ನು ಎರಡೆರಡಾಗಿ ಜೋಡಿಸಿದರೆ ೬೭೬ ಜೋಡಿಗಳಾಗುವುವು. ಇವುಗಳಲ್ಲಿಯೂ ಎಲ್ಲವೂ ಪ್ರಯೋಜನಕ್ಕೆ ಬರುವುವಲ್ಲ; ‘ಐ’ ಎಂಬ ಅಕ್ಷರವು ಒಂದೆಂಬ ಅಂಕಿಯಂತೆ ಕಾಣುವುದು, ‘ಸಿ’ಯನ್ನು ದೂರದಿಂದ ‘ಜಿ’ ಎಂದು ಓದಿಬಿಡಬಹುದು. ಯುದ್ಧವು ಬೆಳೆದು ದಳಗಳು ಹೆಚ್ಚಿದಾಗ ಜೋಡಿಗಳು ಸಾಲದೆ, ಒಂದು ಅಂಕಿ ಒಂದು ಅಕ್ಷರ ಸೇರಿಸಿ ಬರೆಯಬೇಕಾಯಿತು. ಒಂದೇ ದಳದಲ್ಲಿ ಒಂದೇ ಅಕ್ಷರದ ಎರಡು ವಿಮಾನಗಳಿರಬೇಕಾದಾಗ, ಎರಡನೆಯದರ ಅಕ್ಷರದ ಪಕ್ಕದಲ್ಲಿ ಸಣ್ಣ ‘೨’ ಎಂದು ಬರೆದೋ ಮೇಲೊಂದು ಗೆರೆ ಎಳೆದೋ ಬೇರೆ ಮಾಡುತ್ತಿದ್ದರು. ಹಿರಿಯ ದಳಪತಿಗಳಿಗೆ ಮಾತ್ರ ಒಂದು ಸಲಿಗೆಯಿದ್ದಿತು: ಹಲವು ದಳಗಳನ್ನು ಒಟ್ಟಾಗಿ ನಡೆಸುವವನು ತನ್ನ ಸ್ವಂತ ಹೆಸರಿನ ಮೊದಲಕ್ಷರಗಳನ್ನೇ ವಿಮಾನದ ಮೇಲೆ ಬರೆಸಿಕೊಳ್ಳಬಹುದಾಗಿತ್ತು. ಎರಡು ಕಾಲುಗಳನ್ನು ಕಳೆದುಕೊಂಡರೂ ಹಾರುತ್ತಿದ್ದ ಡಗ್ಲಾಸ್ ಬೇಡರನ ವಿಮಾನದ ಮೇಲೆ ‘ಡಿ.ಬಿ.’ ಎಂದೇ ಇದ್ದಿತು.

ಬರೆದ ಅಕ್ಷರವನ್ನು ಬಾಯಲ್ಲಿ ಹೇಳುವಾಗ ಬೇರೊಂದು ತೊಡಕು. ಬಿ, ಡಿ, ಪಿ, ಟಿ — ಇವು ಯಂತ್ರದ ಗದ್ದಲದ ನಡುವೆ ರೇಡಿಯೋದಲ್ಲಿ ಒಂದೇ ರೀತಿ ಕೇಳಿಸುವುವು. ಆದುದರಿಂದ ನಾವು ಮಕ್ಕಳಿಗೆ ‘ಅ ಅರಸ, ಆ ಆನೆ, ಇ ಇಲಿ’ ಎಂದು ಕಲಿಸುವಂತೆ, ಅವರೂ ಒಂದೊಂದು ಅಕ್ಷರಕ್ಕೆ ಒಂದೊಂದು ಶಬ್ದವನ್ನು ಗೊತ್ತುಮಾಡಿಕೊಂಡಿದ್ದರು. ‘ಜಿ’ ಎಂದರೆ ಜಾರ್ಜ್, ‘ಕ್ಯೂ’ ಎಂದರೆ ಕ್ವೀನ್, ‘ಎಸ್’ ಎಂದರೆ ಶುಗರ್. ರೇಡಿಯೋದಲ್ಲಿ ಜೋಡಿ ಅಕ್ಷರಗಳನ್ನು ಉಚ್ಚರಿಸುತ್ತಿರಲಿಲ್ಲ; ದಳಕ್ಕೆ ಅಲ್ಲಿ ಬೇರೆಯೇ ಸಂಕೇತನಾಮವಿರುತ್ತಿತ್ತು. ಗೋತ್ರವು ಕಣ್ಣಿಗೆ, ಹೆಸರು ಕಿವಿಗೆ ಎಂಬಂತೆ ಆಯಿತು. ಹೀಗೆ ದಿನವೂ ಕರೆದು ಕರೆದು, ಆ ಒಂಟಿ ಅಕ್ಷರವೇ ವಿಮಾನಕ್ಕೆ ಮನೆಯ ಹೆಸರಾಗಿಬಿಟ್ಟಿತು. ಏಳು ಮಂದಿ ಕುಳಿತು ಹೋಗುವ ಲ್ಯಾಂಕಾಸ್ಟರನ್ನು ‘ಜಾರ್ಜ್’ ಎಂದೇ ಕರೆಯುವರು, ‘ಜಾರ್ಜ್ ಬಂದನೆ?’ ಎಂದೇ ಕೇಳುವರು.

ಇಲ್ಲಿ ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ೧೯೪೧ರ ಜೂನ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೆಕನ್‌ಫೀಲ್ಡ್ ಎಂಬಲ್ಲಿ ೧೨೯ನೆಯ ದಳವೊಂದನ್ನು ಕಟ್ಟಿದರು. ಅದಕ್ಕೆ ಸ್ಪಿಟ್‌ಫೈರ್ ವಿಮಾನಗಳನ್ನು ಕೊಟ್ಟರು. ಮೈಸೂರು ಸಂಸ್ಥಾನದ ಕಾಣಿಕೆಯ ಸ್ಮರಣಾರ್ಥವಾಗಿ ಆ ದಳಕ್ಕೆ ‘ಮೈಸೂರು ದಳ’ವೆಂದೇ ಹೆಸರಿಟ್ಟರು. ಅದರ ಲಾಂಛನವು ನಮ್ಮ ಗಂಡಭೇರುಂಡ! ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಗಂಡಭೇರುಂಡದ ದಳವು ಕಾವಲು ತಿರುಗಿತು. ೧೯೪೨ರ ಆಗಸ್ಟ್‌ನಲ್ಲಿ ಡಿಯೆಪ್ ತೀರದ ಕಾಳಗದಲ್ಲಿ ಭಾಗವಹಿಸಿತು. ೧೯೪೪ರಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆದು, ಲಂಡನ್ನಿನ ಮೇಲೆ ಬರುತ್ತಿದ್ದ ಚಾಲಕರಿಲ್ಲದ ಹಾರುಬಾಂಬುಗಳನ್ನು ಅಟ್ಟಿ ಹೊಡೆಯಿತು. ೧೯೪೬ರ ಸೆಪ್ಟೆಂಬರ್‌ನಲ್ಲಿ ಅದರ ಸಂಖ್ಯೆಯನ್ನು ಬದಲಾಯಿಸಿದ್ದರಿಂದ ಆ ಹೆಸರೂ ಮುಗಿಯಿತು. ಈ ದಳದ ಜೋಡಿ ಅಕ್ಷರಗಳು ‘ಡಿ.ವಿ.’ ಎಂದಿದ್ದವು. ಡಿ.ವಿ. ಎಂದೊಡನೆ ನಮಗೆ ಗುಂಡಪ್ಪನವರ ನೆನಪಾಗುವುದು ಸಹಜ. ಆದರೆ ಆ ಅಕ್ಷರಗಳಲ್ಲಿ ಮೈಸೂರಿನ ಸೂಚನೆಯೇ ಇರಲಿಲ್ಲ. ಇರಲೂ ಬಾರದು. ಲಾಂಛನವು ಹೆಮ್ಮೆಗಾಗಿ, ಅಕ್ಷರವು ಗುಟ್ಟಿಗಾಗಿ. ಹೈದರಾಬಾದಿನ ಹೆಸರು ಹೊತ್ತ ೧೫೨ನೆಯ ದಳವೂ ಇದ್ದಿತು. ಅದರ ಜೋಡಿ ‘ಯು.ಎಂ.’. ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಆ ಸಂಸ್ಥಾನದಲ್ಲಿದ್ದುವೆಂಬುದನ್ನು ವಾಚಕರು ಬಲ್ಲರು.

ಇಷ್ಟೆಲ್ಲ ಏರ್ಪಾಡು ಮಾಡಿದರೂ, ಅಕ್ಷರಗಳು ಎಲ್ಲ ತಪ್ಪುಗಳನ್ನೂ ತಡೆಯಲಿಲ್ಲ. ಯುದ್ಧವು ಆರಂಭವಾದ ಕೆಲವೇ ದಿನಗಳಲ್ಲಿ, ೧೯೩೯ರ ಸೆಪ್ಟೆಂಬರ್ ೬ರಂದು, ಇಂಗ್ಲೆಂಡಿನ ಪೂರ್ವಭಾಗದಲ್ಲಿ ಶತ್ರುಗಳು ಬಂದರೆಂಬ ಹುಸಿಸುದ್ದಿ ಹುಟ್ಟಿತು. ಹಲವು ದಳಗಳು ಮೇಲೇರಿದವು. ಆ ಗೊಂದಲದಲ್ಲಿ ೭೪ನೆಯ ದಳದ ಸ್ಪಿಟ್‌ಫೈರುಗಳು ತಮ್ಮವೇ ಆದ ೫೬ನೆಯ ದಳದ ಎರಡು ಹರಿಕೇನ್ ವಿಮಾನಗಳನ್ನು ಹೊಡೆದು ಕೆಡವಿದವು. ಒಬ್ಬ ತರುಣ ಚಾಲಕನು ಸತ್ತನು. ಆ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ಚಾಲಕರಲ್ಲಿ ಸತ್ತ ಮೊದಲಿಗನು ಹೀಗೆ ತನ್ನವರ ಗುಂಡಿನಿಂದಲೇ ಸತ್ತನು. ಹರಿಕೇನಿನ ಮೈಮೇಲೆ ಅಕ್ಷರಗಳು ಇದ್ದೇ ಇದ್ದವು. ಆದರೆ ಗಂಟೆಗೆ ಮುನ್ನೂರು ಮೈಲಿಯ ವೇಗದಲ್ಲಿ, ಹಿಂದಿನಿಂದ ಬರುವವನಿಗೆ ಪಕ್ಕೆಯ ಮೇಲಿನ ಬರೆಹವು ಕಾಣುವುದೆಲ್ಲಿ? ಈ ಅನಾಹುತದಿಂದ ಎಚ್ಚತ್ತು, ನೆಲದ ರೇಡಾರಿಗೆ ‘ನಾನು ನಿಮ್ಮವನು’ ಎಂದು ತಾನೇ ಉತ್ತರ ಕೊಡುವ ಯಂತ್ರವನ್ನು ವಿಮಾನಗಳಿಗೆ ಬೇಗಬೇಗನೆ ಜೋಡಿಸಿದರು.

ಗುರುತಿನ ಮುದ್ರೆಗಳನ್ನೂ ಅನುಭವವು ತಿದ್ದುತ್ತ ಹೋಯಿತು. ಭಾರತ ಮತ್ತು ಬರ್ಮಾ ದೇಶಗಳ ಆಕಾಶದಲ್ಲಿ ಜಪಾನೀಯರ ವಿಮಾನಗಳು ಕೆಂಪು ಸೂರ್ಯಬಿಂಬವನ್ನು ಧರಿಸಿದ್ದವು. ಬ್ರಿಟಿಷ್ ಮುದ್ರೆಯ ನಡುವಿನ ಕೆಂಪು ಚುಕ್ಕೆಯನ್ನು ಕಂಡು ತಮ್ಮವರೇ ಗುಂಡು ಹಾರಿಸಿಯಾರೆಂದು, ಈ ಕಡೆಯ ವಿಮಾನಗಳಲ್ಲಿ ಆ ಕೆಂಪನ್ನೇ ತೆಗೆದುಹಾಕಿದರು. ೧೯೪೪ರ ಜೂನ್ ೬ರಂದು ನಾರ್ಮಂಡಿಯ ತೀರಕ್ಕೆ ಸೈನ್ಯವಿಳಿದಾಗ, ಅಕ್ಷರಗಳನ್ನೇ ನೆಚ್ಚದೆ, ಸಾವಿರಾರು ವಿಮಾನಗಳ ರೆಕ್ಕೆಗಳಿಗೂ ಮೈಗೂ ಕಪ್ಪುಬಿಳುಪಿನ ಅಗಲವಾದ ಪಟ್ಟೆಗಳನ್ನು ಬಳಿದರು. ಓದು ಬಾರದವನಿಗೂ ಪಟ್ಟೆ ಕಾಣುವುದು.

ಹಾಗಾದರೆ ಅಕ್ಷರಗಳ ನಿಜವಾದ ಉಪಯೋಗವೇನು? ಅದು ಶತ್ರುವಿಗಾಗಿ ಅಲ್ಲ, ಮನೆಯವರಿಗಾಗಿ. ಅದನ್ನು ತಿಳಿಯಬೇಕಾದರೆ ಬಾಂಬರ್ ನಿಲ್ದಾಣದ ಒಂದು ರಾತ್ರಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಅಲ್ಲಿನ ಕಾರ್ಯಾಲಯದ ಗೋಡೆಯ ಮೇಲೆ ಒಂದು ದೊಡ್ಡ ಕರಿಹಲಗೆ. ಅದರಲ್ಲಿ ಆ ರಾತ್ರಿ ಹೊರಟ ವಿಮಾನಗಳ ಅಕ್ಷರಗಳು ಸಾಲಾಗಿ. ಎದುರಿಗೆ ನಾಯಕನ ಹೆಸರು, ಹೊರಟ ವೇಳೆ. ಆ ಬಳಿಕ ಮರಳಿದ ವೇಳೆಗಾಗಿ ಬಿಟ್ಟ ಖಾಲಿ ಸ್ಥಳ. ನಸುಕಿನಲ್ಲಿ ರೇಡಿಯೋದ ಮುಂದೆ ಕುಳಿತ ತರುಣಿಯರಿಗೆ ಒಂದೊಂದೇ ಧ್ವನಿ ಕೇಳುವುದು. ಧ್ವನಿಯು ತನ್ನ ಅಕ್ಷರವನ್ನು ಹೇಳಿ ಇಳಿಯಲು ಅಪ್ಪಣೆ ಬೇಡುವುದು. ಹಲಗೆಯ ಮೇಲೆ ಸೀಮೆಸುಣ್ಣದಿಂದ ವೇಳೆಯನ್ನು ಬರೆಯುವರು. ಕೊನೆಗೆ ಕೆಲವು ಅಕ್ಷರಗಳ ಎದುರಿಗೆ ಸ್ಥಳವು ಖಾಲಿಯಾಗಿಯೇ ಉಳಿಯುವುದು. ಪೆಟ್ರೋಲು ತೀರುವ ಹೊತ್ತು ಕಳೆದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಹಾಗಿದ್ದರೂ ಕಾಯುವರು.

ಇದನ್ನು ಓದುವಾಗ ನನಗೆ ಶಾಲೆಯ ಹಾಜರಿ ಪುಸ್ತಕದ ನೆನಪಾಗದೆ ಇರಲಿಲ್ಲ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ವರ್ಷ, ಹದಿನೇಳನೆಯ ಸಂಖ್ಯೆಯ ಹುಡುಗನು ವಿಷಮಜ್ವರದಿಂದ ತೀರಿಕೊಂಡನು. ಮಾರನೆಯ ದಿನದಿಂದ ಹಾಜರಿ ಕರೆಯುವಾಗ ಹದಿನಾರು ಆದ ಮೇಲೆ ನನ್ನ ನಾಲಗೆ ತಡೆಯುತ್ತಿದ್ದಿತು. ತರಗತಿಯೂ ಒಂದು ಕ್ಷಣ ಸುಮ್ಮನಾಗುತ್ತಿದ್ದಿತು. ವರ್ಷವು ಮುಗಿಯುವವರೆಗೆ ಆ ಸಂಖ್ಯೆಯನ್ನು ಯಾರಿಗೂ ಕೊಡಲಿಲ್ಲ. ಶಾಲೆಗೆ ಅಷ್ಟು ಅವಕಾಶವಿದ್ದಿತು, ಯುದ್ಧಕ್ಕೆ ಇರಲಿಲ್ಲ. ಇಂದು ‘ಜಾರ್ಜ್’ ಮರಳದಿದ್ದರೆ, ಕಾರ್ಖಾನೆಯಿಂದ ಬಂದ ಹೊಸ ವಿಮಾನದ ಪಕ್ಕೆಯ ಮೇಲೆ ಅದೇ ‘ಜಿ’ಯನ್ನು ಬರೆಯುವರು. ಹೊಸಬರಾದ ಏಳು ಮಂದಿ ಬಂದು ಅದನ್ನೇರುವರು. ಹಲಗೆಯ ಮೇಲೆ ಅಕ್ಷರವು ಅಳಿಯುವುದೇ ಇಲ್ಲ. ಅದರ ಎದುರಿನ ಹೆಸರನ್ನು ಮಾತ್ರ ಒರಸಿ ಬೇರೆ ಬರೆಯುವರು. ಬ್ರಿಟಿಷ್ ಬಾಂಬರ್ ಪಡೆಯಲ್ಲಿ ಆ ಯುದ್ಧಕಾಲದಲ್ಲಿ ಸುಮಾರು ೧,೨೫,೦೦೦ ಮಂದಿ ವಿಮಾನಿಕರು ಸೇವೆಮಾಡಿದರು. ಅವರಲ್ಲಿ ೫೫,೫೭೩ ಮಂದಿ ಸತ್ತರು. ಅಕ್ಷರಗಳು ಇಪ್ಪತ್ತಾರೇ ಇದ್ದವು. ಅಕ್ಷರಶಬ್ದದ ಅರ್ಥವು ಕಠೋರವೆಂದು ಮೊದಲು ಹೇಳಿದುದು ಇದಕ್ಕಾಗಿಯೇ.

ಈ ಅಕ್ಷರಗಳಲ್ಲೆಲ್ಲ ಹೆಚ್ಚಾಗಿ ಹೆಸರಾದುದು ‘ಎ.ಜೆ.’ ಎಂಬ ಜೋಡಿ. ೧೯೪೩ರ ಮಾರ್ಚ್‌ನಲ್ಲಿ ಕಟ್ಟಿದ ೬೧೭ನೆಯ ದಳದ ಗುರುತು ಅದು. ಜರ್ಮನಿಯ ರೂರ್ ಪ್ರಾಂತದ ಅಣೆಕಟ್ಟುಗಳನ್ನು ಒಡೆಯುವುದೇ ಅದರ ಮೊದಲ ಕೆಲಸ. ದಳಪತಿಯು ಗೈ ಗಿಬ್ಸನ್; ಹುಟ್ಟಿದುದು ೧೯೧೮ರಲ್ಲಿ, ನಮ್ಮ ಸಿಮ್ಲಾ ನಗರದಲ್ಲಿ. ತಂದೆಯು ಭಾರತದ ಅರಣ್ಯ ಇಲಾಖೆಯಲ್ಲಿದ್ದನು. ಹೆಸರು ಅಲೆಕ್ಸಾಂಡರ್ ಜೇಮ್ಸ್ ಗಿಬ್ಸನ್. ಮಗನು ಏರಿದ ವಿಮಾನವು ‘ಎ.ಜೆ.–ಜಿ.’, ತಂದೆಯ ಹೆಸರಿನ ಮೂರು ಮೊದಲಕ್ಷರಗಳು! ಗೋತ್ರವೂ ಹೆಸರೂ ಕೂಡಿ ಪಿತೃನಾಮವೇ ಆದುದನ್ನು ಕಾಕತಾಳೀಯವೆನ್ನಬೇಕು.

ಮೇ ೧೬ರ ರಾತ್ರಿ ೧೯ ಲ್ಯಾಂಕಾಸ್ಟರುಗಳಲ್ಲಿ ೧೩೩ ಮಂದಿ ಹೊರಟರು. ಮೋನೆ ಅಣೆಕಟ್ಟಿನ ಮೇಲೆ ಮೊದಲು ‘ಜಿ’ ಎರಗಿತು. ಎರಡನೆಯದಾಗಿ ಹೋದ ‘ಎಂ’ ಗುಂಡೇಟು ತಗಲಿ ಉರಿದು ಬಿದ್ದಿತು. ಅನಂತರ ‘ಪಿ’, ‘ಎ’, ‘ಜೆ’ ವಿಮಾನಗಳು ಒಂದರ ಹಿಂದೊಂದು ಹೋದವು. ಅಣೆಕಟ್ಟು ಒಡೆಯಿತು. ಆಮೇಲೆ ಏಡರ್ ಅಣೆಕಟ್ಟನ್ನು ‘ಎನ್’ ಒಡೆಯಿತು. ಎಂಟು ವಿಮಾನಗಳು ಮರಳಲಿಲ್ಲ. ೫೩ ಮಂದಿ ಸತ್ತರು, ಮೂವರು ಸೆರೆಯಾದರು. ಮೋನೆಯಲ್ಲಿ ಗುರಿ ಹೊಡೆದ ‘ಎ’ ಹಿಂದಿರುಗುವ ದಾರಿಯಲ್ಲಿ ಹಾಲೆಂಡಿನ ಕರೆಯ ಬಳಿ ಬಿದ್ದಿತು. ಕೆಳಗೆ ಪ್ರವಾಹದಲ್ಲಿ ಸುಮಾರು ೧,೩೦೦ ಜೀವಗಳು ಹೋದವು. ಅವರಲ್ಲಿ ಬಹುಮಂದಿ ಜರ್ಮನರಲ್ಲ, ಬಲಾತ್ಕಾರದಿಂದ ದುಡಿಸಲ್ಪಡುತ್ತಿದ್ದ ಪರದೇಶೀಯರು. ಅವರ ಮೈಮೇಲೆ ಗುರುತಿನ ಅಕ್ಷರಗಳನ್ನು ಆಕಾಶದಿಂದ ಓದುವವರು ಯಾರೂ ಇರಲಿಲ್ಲ. ಶೌರ್ಯದ ಕಥೆಯನ್ನು ಹೇಳುವಾಗ ಇದನ್ನೂ ಹೇಳುವುದು ನ್ಯಾಯ.

ಗಿಬ್ಸನ್ ಮುಂದಿನ ವರ್ಷ, ೧೯೪೪ರ ಸೆಪ್ಟೆಂಬರ್ ೧೯ರಂದು, ಬೇರೊಂದು ದಳದಿಂದ ಎರವಲಾಗಿ ಪಡೆದ ವಿಮಾನದಲ್ಲಿ ಹೋಗಿ ಹಾಲೆಂಡಿನಲ್ಲಿ ಬಿದ್ದು ಸತ್ತನು. ಆಗ ವಯಸ್ಸು ೨೬. ಆತನ ಪ್ರಸಿದ್ಧವಾದ ‘ಎ.ಜೆ.–ಜಿ.’ ಯುದ್ಧವನ್ನು ದಾಟಿ ಉಳಿದುಕೊಂಡಿತ್ತು. ಅದನ್ನು ೧೯೪೭ರಲ್ಲಿ ಗುಜರಿಗೆ ಹಾಕಿದರು.

ಉಳಿದುಕೊಂಡ ಕೆಲವು ವಿಮಾನಗಳನ್ನು ಇಂದಿಗೂ ನೋಡಬಹುದು. ಆಸ್ಟ್ರೇಲಿಯಾದ ೪೬೦ನೆಯ ದಳದ ‘ಎ.ಆರ್.–ಜಿ.’, ಎಂದರೆ ‘ಜಾರ್ಜ್’, ಕ್ಯಾನ್‌ಬೆರಾ ನಗರದ ಯುದ್ಧಸ್ಮಾರಕದಲ್ಲಿದೆ. ಲಂಡನ್ನಿನ ಹೆಂಡನ್ ವಸ್ತುಸಂಗ್ರಹಾಲಯದಲ್ಲಿ ‘ಆರ್ ೫೮೬೮’ ಎಂಬ ಜನ್ಮಸಂಖ್ಯೆಯ ಲ್ಯಾಂಕಾಸ್ಟರ್ ಇದೆ. ಅದು ಮೊದಲು ೮೩ನೆಯ ದಳದಲ್ಲಿ ‘ಓ.ಎಲ್.–ಕ್ಯೂ.’ ಆಗಿ ‘ರಾಣಿ’ಯೆನಿಸಿತ್ತು, ಆಮೇಲೆ ೪೬೭ನೆಯ ದಳಕ್ಕೆ ಸೇರಿ ‘ಪಿ.ಓ.–ಎಸ್.’ ಆಗಿ ‘ಸಕ್ಕರೆ’ಯಾಯಿತು. ೧೩೭ ಸಲ ದಾಳಿಗೆ ಹೋಗಿ ಮರಳಿತೆಂದು ಅದರ ಲೆಕ್ಕ. ಒಂದೊಂದು ಸಲಕ್ಕೆ ಒಂದೊಂದು ಚಿಕ್ಕ ಬಾಂಬಿನ ಚಿತ್ರವನ್ನು ಮೂಗಿನ ಬಳಿ ಬರೆದಿದ್ದಾರೆ. ಜರ್ಮನಿಯ ಮೇಲೆ ಶತ್ರುವಿಮಾನವೊಂದೂ ಹಾರಲಾರದೆಂದು ಗೋರಿಂಗ್ ಕೊಚ್ಚಿಕೊಂಡ ಮಾತನ್ನೂ ಆ ಚಿತ್ರಗಳ ಕೆಳಗೆ ಪರಿಹಾಸಕ್ಕಾಗಿ ಬರೆದಿದ್ದಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಮುಟ್ಟಿದುದು ‘ಪಿ.ಎ. ೪೭೪’ ಎಂಬ ಇನ್ನೊಂದು ಲ್ಯಾಂಕಾಸ್ಟರಿನ ಕಥೆ. ಅದು ಚೆಸ್ಟರ್ ನಗರದ ಬಳಿ ೧೯೪೫ರಲ್ಲಿ ತಯಾರಾಯಿತು. ಯುದ್ಧವು ಮುಗಿದುಹೋದುದರಿಂದ ಅದು ಒಂದು ದಾಳಿಗೂ ಹೋಗಲಿಲ್ಲ. ಆಫ್ರಿಕದ ಮೇಲೆ ಹಾರಿ ಭೂಪಟಕ್ಕಾಗಿ ಛಾಯಾಚಿತ್ರಗಳನ್ನು ತೆಗೆಯಿತು. ಈಗ ಬ್ರಿಟನ್ನಿನ ಸ್ಮಾರಕದಳದಲ್ಲಿದೆ. ಸ್ವಂತ ಯುದ್ಧವಿಲ್ಲದ ಈ ವಿಮಾನಕ್ಕೆ, ಕೆಲವು ವರ್ಷಗಳಿಗೊಮ್ಮೆ ಬಣ್ಣ ಬಳಿಯುವಾಗ, ಯಾರಾದರೊಬ್ಬರ ಹಳೆಯ ಅಕ್ಷರಗಳನ್ನು ಬರೆಯುತ್ತ ಬಂದಿದ್ದಾರೆ. ಒಮ್ಮೆ ಅದು ೪೪ನೆಯ ದಳದ ‘ಕೆ.ಎಂ.–ಬಿ.’ ಆಯಿತು. ಮತ್ತೆ ಕೆಲವು ವರ್ಷ ‘ಎ.ಜೆ.–ಜಿ.’ ಆಗಿದ್ದಿತು. ೨೦೧೭ರಲ್ಲಿ ಎಡಪಕ್ಕೆಗೆ ಒಂದು ದಳದ ಅಕ್ಷರಗಳನ್ನೂ ಬಲಪಕ್ಕೆಗೆ ಮತ್ತೊಂದು ದಳದ ಅಕ್ಷರಗಳನ್ನೂ ಬರೆದರು.

ಶ್ರಾದ್ಧದ ದಿನ ನಾವು ಪಿತೃಗಳ ಗೋತ್ರವನ್ನೂ ಹೆಸರನ್ನೂ ಉಚ್ಚರಿಸಿ ತಿಲೋದಕವನ್ನು ಬಿಡುವೆವು. ದೇಹವು ಇಲ್ಲ, ಕಂಡವರೂ ಇಲ್ಲ. ಆದರೂ ಗೋತ್ರನಾಮಗಳನ್ನು ಹೇಳಿ ಕರೆದರೆ ಬಂದು ನಿಲ್ಲುವರೆಂಬುದು ನಮ್ಮ ಹಿರಿಯರ ನಂಬಿಕೆ. ಯುದ್ಧವನ್ನೇ ಕಾಣದ ಒಂದು ವಿಮಾನದ ಮೇಲೆ ಮರಳಿ ಬಾರದವರ ಅಕ್ಷರಗಳನ್ನು ಬರೆದು ಆಕಾಶಕ್ಕೆ ಬಿಡುವವರ ಮನಸ್ಸು ಇದಕ್ಕಿಂತ ಬೇರೆಯಲ್ಲವೆಂದು ನನಗೆ ತೋರುವುದು. ಲಿಂಕನ್ ನಗರದ ಸ್ಮಾರಕದ ಗೋಡೆಗಳ ಮೇಲೆ, ನೆಲದ ಮೇಲೆ ದುಡಿದು ಸತ್ತವರನ್ನೂ ಸೇರಿಸಿ, ಸುಮಾರು ೫೮,೦೦೦ ಮಂದಿಯ ಹೆಸರುಗಳನ್ನು ಕೊರೆದಿದ್ದಾರೆ. ಅಲ್ಲಿ ಸಂಕೇತಾಕ್ಷರಗಳಿಲ್ಲ, ತಂದೆತಾಯಿಗಳು ಇಟ್ಟ ಹೆಸರುಗಳೇ ಇವೆ. ಹಲಗೆಯ ಮೇಲೆ ಒರಸಿಹೋದುದನ್ನು ಕಲ್ಲಿಗಿಂತ ಗಟ್ಟಿಯಾದ ಉಕ್ಕಿನಲ್ಲಿ ಮತ್ತೆ ಬರೆದಂತಾಯಿತು.

ಇನ್ನು ಮುಂದೆ ವಾಚಕರು ಎಲ್ಲಿಯಾದರೂ ಒಂದು ಹಳೆಯ ಯುದ್ಧವಿಮಾನದ ಚಿತ್ರವನ್ನು ಕಂಡರೆ, ಅದರ ಪಕ್ಕೆಯ ಮೇಲಿನ ಮೂರು ಅಕ್ಷರಗಳನ್ನು ಒಂದು ಸಲ ನಿಧಾನವಾಗಿ ಓದಲಿ. ಅದೇ ಅಕ್ಷರಗಳಿಗೆ ಓಗೊಟ್ಟವರು ಒಂದು ಗುಂಪಿನವರಲ್ಲ, ಹಲವು ಗುಂಪಿನವರು ಇದ್ದಿರಬಹುದು. ಅವರಲ್ಲಿ ಬಹುಮಂದಿ ನಮ್ಮ ಮನೆಯ ಹುಡುಗರ ವಯಸ್ಸಿನವರು.